ಅಲ್ಲಿ ಸೌದೆ ಸಿಗುತ್ತಾ?

2011ರ ದೀಪಾವಳಿ ಮುಗಿದು ವಾರವಾಗಿತ್ತು. ರಾತ್ರಿ ಊಟಕ್ಕೆ ಕೂತಾಗ, ತಿಂಗಳಿಂದ ನಾಲಿಗೆ ತುದಿಗೆ ಬಂದು ನಿಂತಿದ್ದ ಮಾತನ್ನು ಹೇಳಿಯೇಬಿಟ್ಟೆ. ಮುಂದಿನ ಜುಲೈನಲ್ಲಿ ಸೈಕಲ್ ತುಳಿದುಕೊಂಡು ಮನಾಲಿಯಿಂದ ಲೇಹ್‌ಗೆ ಹೋಗುತ್ತೇನೆ, ಅಲ್ಲಿಂದ ಕಾರ್ಗಿಲ್ ಮೇಲೆ ಶ್ರೀನಗರಕ್ಕೆ ಇಳಿಯುತ್ತೇನೆ. ಎಲ್ಲ ಸೇರಿ ಸುಮಾರು 900 ಕಿ.ಮೀ. ನನಗಾಗ ನಲವತ್ತೊಂದು. ಕಡೂರಿನಲ್ಲಿ ಬ್ಯಾಂಕಿನ ಕೆಲಸ. ಮನೆಯಿಂದ ಬ್ಯಾಂಕಿಗೆ ಎರಡು ಕಿಲೋಮೀಟರು ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದುದು ಬಿಟ್ಟರೆ ಅಂಥ ದಾರಿಗೆ ಬೇಕಾದ ಬೇರೆ ಯಾವ ಅನುಭವವೂ ನನಗಿರಲಿಲ್ಲ.

ನಮ್ಮವರು ತುತ್ತು ಹಿಡಿದವರು ಹಾಗೇ ಕೂತರು. ಅತ್ತೆ ಮಾತ್ರ ಮಜ್ಜಿಗೆ ಬಡಿಸುತ್ತಾ ಬಡಿಸುತ್ತಾ ಕೇಳಿದರು: "ಅಲ್ಲಿ ಸೌದೆ ಸಿಗುತ್ತಾ?"

ಹೆಂಗಸು ಒಬ್ಬಳೇ ಹೋಗುವುದೆಂದರೇನು ಎನ್ನುತ್ತಾರೆ, ಊರವರು ಏನಂದಾರು ಎನ್ನುತ್ತಾರೆ ಎಂದೆಲ್ಲ ಊಹಿಸಿ ಒಂದೊಂದಕ್ಕೂ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲಿಲ್ಲ. "ಗೊತ್ತಿಲ್ಲ ಅತ್ತೆ" ಅಂದೆ. "ಗೊತ್ತು ಮಾಡಿಕೋ" ಎಂದು ಅವರು ಎದ್ದು ಒಳಗೆ ಹೋದರು.

ಹೊರಡುವವರೆಗಿನ ಎಂಟು ತಿಂಗಳಲ್ಲಿ ಇಂಥವೇ ನಾಲ್ಕು ಪ್ರಶ್ನೆಗಳನ್ನು ನಾಲ್ಕು ಜನ ನನಗೆ ಕೇಳಿದರು. ಅವರಲ್ಲಿ ಯಾರೂ ಆ ದಾರಿ ಕಂಡವರಲ್ಲ, ಕಾಣುವ ಆಸೆ ಇಟ್ಟುಕೊಂಡವರೂ ಅಲ್ಲ. ಆದರೂ ನನ್ನ ಪ್ರಯಾಣಕ್ಕೆ ಬುನಾದಿ ಹಾಕಿಕೊಟ್ಟವರು ಅವರೇ.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಸಾಮಾನು ಕೂಡಿಸುವ ಕೆಲಸ. ಬೆಂಗಳೂರಿನಿಂದ ಒಂದು ಹಳೇ ಗೇರ್ ಸೈಕಲ್ ತಂದೆ. ಅಲ್ಯುಮಿನಿಯಂ ಫ್ರೇಮು, 26 ಇಂಚಿನ ಚಕ್ರ, 21 ಗೇರು. ಎರಡು ಬದಿಗೆ ಇಳಿಬಿಡುವ ಚೀಲ, ಒಬ್ಬರು ಮಲಗುವ ಟೆಂಟು, ಸ್ಟವ್ವು, ಪಾತ್ರೆ, ಮಲಗುವ ಚೀಲ, ಮಳೆಗೊಂದು ಅಂಗಿ, ಚಳಿಗೆರಡು. ನೋಟ್‌ಬುಕ್ಕಿನಲ್ಲಿ ಬರೆದ ಪಟ್ಟಿ ಮೂರು ಪುಟ ದಾಟಿತು. ಅದೇ ಪುಸ್ತಕದ ಹಿಂಬದಿಯಲ್ಲಿ ದಾರಿಯ ಎತ್ತರಗಳನ್ನು ಬರೆದುಕೊಂಡಿದ್ದೆ. ರೋಹ್ತಾಂಗ್ 3,978 ಮೀಟರ್. ಬಾರಾಲಾಚಾ 4,890. ಆಮೇಲೆ ನಕೀಲಾ, ಲಾಚುಂಗ್‌ಲಾ. ಕೊನೆಗೆ ತಂಗ್ಲಂಗ್‌ಲಾ, 5,328. ನಮ್ಮ ಮುಳ್ಳಯ್ಯನಗಿರಿ ಇಡೀ ಕರ್ನಾಟಕಕ್ಕೇ ಎತ್ತರದ ಶಿಖರ; ಅದರ ಎತ್ತರ 1,930 ಮೀಟರ್. ಕಡೂರಿನಿಂದ ಆಕಾಶ ತಿಳಿಯಾಗಿದ್ದ ದಿನ ಆ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಅದರ ಮೇಲೆ ಅಂಥದೇ ಇನ್ನೊಂದನ್ನು ಇಟ್ಟು, ಅದರ ಮೇಲೆ ಮುಕ್ಕಾಲು ಬೆಟ್ಟ ಏರಿಸಿದರೆ ತಂಗ್ಲಂಗ್‌ಲಾ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬೀರೂರು ದಾಟಿ ತರೀಕೆರೆ ರಸ್ತೆಯಲ್ಲಿ ತುಳಿಯುವಾಗಲೆಲ್ಲ ಆ ಲೆಕ್ಕ ತಲೆಯಲ್ಲಿ ಕೂತಿರುತ್ತಿತ್ತು.

2012ರ ಶಿವರಾತ್ರಿ ಫೆಬ್ರವರಿಯಲ್ಲಿ ಬಂತು. ನಾಲ್ಕು ದಿನ ರಜೆ ಹಾಕಿ, ಪೂರ್ತಿ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿದು ಹತ್ತಿ ಬರುವುದೆಂದು ಹೊರಟೆ. ಸಾಮಾನೇ 22 ಕೆ.ಜಿ. ತೂಗುತ್ತಿತ್ತು. ಚಿಕ್ಕಮಗಳೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಇಳಿಯತೊಡಗಿದೆ. ರಸ್ತೆಯುದ್ದಕ್ಕೂ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಜನ. ಬೆಂಗಳೂರು ಕಡೆಯಿಂದ, ಹಾಸನದ ಕಡೆಯಿಂದ ದಿನಗಟ್ಟಲೆ ನಡೆದುಬಂದವರು. ಹೆಗಲಿಗೊಂದು ಬಟ್ಟೆಚೀಲ, ಅದರಲ್ಲಿ ಒಂದು ಪಂಚೆ, ಒಂದು ಹೊದಿಕೆ, ನೀರಿನ ಬಾಟಲಿ. ನನ್ನ ಮೂರು ಪುಟದ ಪಟ್ಟಿಯನ್ನು ಅವರ ಹೆಗಲ ಪಕ್ಕಕ್ಕಿಟ್ಟು ನೋಡಿದೆ. ಆವತ್ತೇ ಮನಸ್ಸಿನಲ್ಲಿ ಒಂದು ಪುಟ ಹರಿದುಹೋಯಿತು.

ವಾಪಸ್ ಹತ್ತುವಾಗ, ಅಣ್ಣಪ್ಪಸ್ವಾಮಿ ಗುಡಿ ದಾಟಿದ ಮೇಲಿನ ಒಂದು ತಿರುವಿನಲ್ಲಿ ಹಿಂದಿನ ಚಕ್ರದಿಂದ 'ಠಣ್' ಎಂದು ಸದ್ದಾಯಿತು. ನಾಲ್ಕು ಸುತ್ತು ತುಳಿಯುವಷ್ಟರಲ್ಲಿ ಚಕ್ರ ಬ್ರೇಕಿಗೆ ಉಜ್ಜತೊಡಗಿತು. ಇಳಿದು ನೋಡಿದರೆ ಒಂದು ಕಡ್ಡಿ ಮುರಿದು ನೇತಾಡುತ್ತಿದೆ. ಚೀಲದಲ್ಲಿ ಹೊಸ ಕಡ್ಡಿ ಇತ್ತು. ಆದರೆ ಮುರಿದದ್ದು ಚೈನು ಇರುವ ಕಡೆಯದು. ಫ್ರೀವೀಲು ಬಿಚ್ಚದೆ ಅಲ್ಲಿಗೆ ಕಡ್ಡಿ ಪೋಣಿಸಲಾಗದು. ಬಿಚ್ಚುವ ಉಪಕರಣ ನನ್ನಲ್ಲಿ ಇರಲಿಲ್ಲ, ಇದ್ದಿದ್ದರೂ ಬಿಚ್ಚಲು ಬರುತ್ತಿರಲಿಲ್ಲ. ಬ್ರೇಕು ಸಡಿಲಿಸಿ ಕೊಟ್ಟಿಗೆಹಾರದವರೆಗೆ ತಳ್ಳಿಕೊಂಡು ನಡೆದೆ. ಅಲ್ಲಿಂದ ಕಾಫಿ ಮೂಟೆ ಹೊತ್ತ ಲಾರಿಯವರು ಚಿಕ್ಕಮಗಳೂರಿಗೆ ಬಿಟ್ಟರು.

ಕಡೂರಿನಲ್ಲಿ ಸ್ಟೇಷನ್ ರಸ್ತೆಗೆ ಹತ್ತಿರ ಒಂದು ಸೈಕಲ್ ಶಾಪಿತ್ತು. ಮೇಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ನನ್ನ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಒಮ್ಮೆ ತಿರುಗಿಸಿ, ಮುರಿದ ಜಾಗಕ್ಕೆ ಬೆರಳು ಮುಟ್ಟಿಸಿದರು. "ಹಿಂದಿನ ಚಕ್ರ, ಬಲಗಡೆ, ಬುಡದ ಬಾಗಿನಲ್ಲಿ. ಮುರಿದ್ರೆ ಇಲ್ಲೇ ಮುರಿಯೋದಮ್ಮ" ಅಂದರು. ಬಲಗಡೆ ಫ್ರೀವೀಲು ಜಾಗ ಹಿಡಿಯುವುದರಿಂದ ಆ ಕಡೆಯ ಕಡ್ಡಿಗಳು ನೆಟ್ಟಗೆ ನಿಲ್ಲಬೇಕು, ಎಡಗಡೆಯವಕ್ಕಿಂತ ಬಿಗಿಯಾಗಿರಬೇಕು. ಹೇರಿದ ಭಾರ ಅದರ ಮೇಲೆ, ಚೈನು ಜಗ್ಗುವುದೂ ಅದನ್ನೇ. ಇಷ್ಟು ವಿವರಿಸಿ ಅವರು ಕೇಳಿದ್ದು ಎರಡನೇ ಪ್ರಶ್ನೆ: "ನೀವು ಹೋಗೋ ಕಡೆ ಇದು ಮುರಿದ್ರೆ ಯಾರ ಕೈಯಲ್ಲಿ ಹಾಕಿಸ್ತೀರಿ?"

ಆ ದಾರಿಯಲ್ಲಿ ಕೇಲಾಂಗ್ ಇನ್ನೂ ಎಂಟು ಕಿಲೋಮೀಟರು ಇರುವಾಗ ತಾಂಡಿ ಎಂಬ ಊರು ಬರುತ್ತದೆ. ಅಲ್ಲಿನ ಪೆಟ್ರೋಲ್ ಬಂಕಿನ ಮುಂದೆ, ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂಬ ಫಲಕವಿದೆ ಎಂದು ಓದಿದ್ದೆ. ಪೆಟ್ರೋಲಿಗೇ ಹೀಗಾದರೆ ಸೈಕಲ್ ಶಾಪಿನ ಮಾತೇನು! ಮೇಸ್ತ್ರಿಗೆ ಅದನ್ನೇ ಹೇಳಿದೆ. "ಹಂಗಾದ್ರೆ ದಿನಾ ಸಂಜೆ ಬನ್ನಿ" ಅಂದರು.

ಮಾರ್ಚಿನಿಂದ ಜೂನಿನವರೆಗೆ, ಬ್ಯಾಂಕು ಮುಗಿಸಿ ದಿನಕ್ಕೊಂದು ಗಂಟೆ ಆ ಶಾಪಿನ ಸ್ಟೂಲಿನ ಮೇಲೆ ಕೂತೆ. ಮೊದಲ ವಾರ ಬರೀ ಪಂಕ್ಚರ್. ಟ್ಯೂಬನ್ನು ಬೋಗುಣಿ ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಸಲ್ಯೂಷನ್ ಸವರಿ ಅದು ಒಣಗುವವರೆಗೆ ಕಾಯುವುದು. ಕಾಯುವುದನ್ನು ಅವರು ಒತ್ತಿ ಒತ್ತಿ ಹೇಳುತ್ತಿದ್ದರು. ಹಸಿಯಿರುವಾಗ ಪ್ಯಾಚ್ ಅಂಟಿಸಿದರೆ ಅದು ಹತ್ತು ಮೈಲಿಯಲ್ಲಿ ಬಿಡುತ್ತದೆ. "ಬೆರಳಿಗೆ ಅಂಟಬಾರದು, ಆಗ ಹಾಕಿ."

ಆಮೇಲೆ ಬೆಂಡು ತೆಗೆಯುವ ಪಾಠ. ಅದು ಸುಲಭದ್ದಲ್ಲ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಒಂದು ಸೀಮೆಸುಣ್ಣದ ತುಂಡನ್ನು ರಿಮ್ಮಿಗೆ ತಾಗಿಯೂ ತಾಗದಂತೆ ಹಿಡಿದು ಚಕ್ರ ತಿರುಗಿಸುತ್ತಿದ್ದರು. ರಿಮ್ಮು ಎಲ್ಲಿ ಹೊರಗೆ ಬಾಗಿದೆಯೋ ಅಲ್ಲಿ ಮಾತ್ರ ಬಿಳಿ ಗೀಟು ಬೀಳುತ್ತಿತ್ತು. ಗೀಟು ಬಲಗಡೆ ಬಿದ್ದರೆ ಆ ಜಾಗದ ಎಡಗಡೆಯ ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು ಬಿಗಿಮಾಡಬೇಕು. ಕಾಲು ಸುತ್ತಿಗಿಂತ ಹೆಚ್ಚಲ್ಲ. ಮತ್ತೆ ತಿರುಗಿಸಬೇಕು, ಗೀಟು ಎಷ್ಟು ಗಿಡ್ಡವಾಯಿತು ನೋಡಬೇಕು. ನಾನು ಅವಸರದಲ್ಲಿ ಪೂರ್ತಿ ಒಂದು ಸುತ್ತು ಬಿಗಿದರೆ ಬೆಂಡು ಆಚೆ ಬದಿಗೆ ಹೋಗಿರುತ್ತಿತ್ತು. ಒಂದು ಸಂಜೆ ಅವರು ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿದರು. ಬಲಗಡೆಯ ಹದಿನೆಂಟು ಕಡ್ಡಿಗಳೂ ಹೆಚ್ಚುಕಮ್ಮಿ ಒಂದೇ ಸ್ವರದಲ್ಲಿ ನುಡಿದವು. ನಡುವೆ ಒಂದು ಮಾತ್ರ ಮಂಕಾಗಿ 'ಥಪ್' ಎಂದಿತು. "ಇದು ಸಡ್ಲ. ಇದು ಕೆಲಸ ಮಾಡ್ತಿಲ್ಲ. ಇದರ ಪಾಲಿನ ಭಾರಾನ ಪಕ್ಕದ್ದು ಹೊರ್ತಿದೆ. ನಾಳೆ ಮುರಿಯೋದು ಆ ಪಕ್ಕದ್ದು." ಆ ಮಾತು ಆಡಿದ ಮನುಷ್ಯ ತಾಲ್ಲೂಕು ಬಿಟ್ಟು ಹೆಚ್ಚು ದೂರ ಹೋದವರಲ್ಲ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ದೋಷ ಸಿಗುತ್ತದೆ ಎಂಬುದನ್ನು ನಾನು ಕಲಿತದ್ದು ಅವರಿಂದ.

ಫ್ರೀವೀಲನ್ನೂ ಅವರೇ ಬದಲಿಸಿಕೊಟ್ಟರು. ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 24 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಇತ್ತು. ಪೆಡಲು ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 1.77 ಮೀಟರ್ ಮುಂದೆ ಹೋಗುತ್ತಿತ್ತು. 34 ಹಲ್ಲಿನದನ್ನು ಬೆಂಗಳೂರಿನಿಂದ ತರಿಸಿದೆವು. ಆಗ ಅದು 1.46 ಮೀಟರಿಗೆ ಇಳಿಯಿತು. ಸುತ್ತಿಗೆ ಒಂದಡಿ ಕಡಿಮೆ. ಸಮತಟ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ. ಉಸಿರು ಸಿಗದ ಏರಿನಲ್ಲಿ, ಇಳಿದು ತಳ್ಳುವುದಕ್ಕೂ ಕೂತೇ ತುಳಿಯುವುದಕ್ಕೂ ನಡುವೆ ಇರುವುದು ಆ ಒಂದಡಿಯೇ.

ಆ ದಿನಗಳಲ್ಲಿ ನನ್ನ ತಲೆದಿಂಬಿನ ಹತ್ತಿರ ಡರ್ವ್ಲಾ ಮರ್ಫಿ ಬರೆದ 'ಫುಲ್ ಟಿಲ್ಟ್' ಇತ್ತು. ಐರ್ಲೆಂಡಿನ ಆ ಹೆಣ್ಣುಮಗಳು ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಸೈಕಲ್ಲು, ಒಂದು ಅಟ್ಲಾಸು ಉಡುಗೊರೆಯಾಗಿ ಸಿಕ್ಕಾಗಲೇ ಭಾರತಕ್ಕೆ ಸೈಕಲ್ಲಿನಲ್ಲಿ ಹೋಗುವುದೆಂದು ನಿಶ್ಚಯಿಸಿದರು. ಹೊರಟದ್ದು 1963ರ ಜನವರಿಯಲ್ಲಿ, ಯುರೋಪಿನ ಕಡುಚಳಿಯಲ್ಲಿ. ಹೊರಡುವ ಮೊದಲು ಸೈಕಲ್ಲಿನ ಗೇರು ಬಿಚ್ಚಿಸಿಹಾಕಿದರು, ಏಷ್ಯಾದ ರಸ್ತೆಗಳಲ್ಲಿ ಅದು ತಾಳುವುದಿಲ್ಲವೆಂದು. ಇದನ್ನು ಮೇಸ್ತ್ರಿಗೆ ಓದಿ ಹೇಳಿದಾಗ ಅವರ ಮುಖ ಅರಳಿತು. "ಸರಿಯಾಗಿ ಮಾಡವ್ರೆ. ತನ್ನ ಕೈಯಲ್ಲಿ ರಿಪೇರಿ ಆಗದ್ದನ್ನ ಜೊತೇಲಿ ಒಯ್ಯಬಾರದು." ಮರ್ಫಿಗಿಂತಲೂ ಮೊದಲು, 1923ರಲ್ಲಿ, ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಟಿದ್ದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು ಸುಮಾರು 71,000 ಕಿ.ಮೀ. ತುಳಿದು 1928ರಲ್ಲಿ ಮನೆ ಸೇರಿದರು. ಅವರ ಹಿಂದೆಯೂ ಯಾವುದೋ ಊರಿನ ಒಬ್ಬ ಮೇಸ್ತ್ರಿ ಇದ್ದೇ ಇರಬೇಕು ಎಂದು ನನಗೆ ಆಗೆಲ್ಲ ಅನಿಸುತ್ತಿತ್ತು.

ಮೂರನೇ ಪ್ರಶ್ನೆ ಕೇಳಿದವರು ಚಿಕ್ಕಮಗಳೂರಿನ ಒಬ್ಬ ಡಾಕ್ಟರು. ಎದೆ, ರಕ್ತ, ಬಿ.ಪಿ. ಎಲ್ಲ ನೋಡಿ ಮುಗಿಸಿದ ಮೇಲೆ ನಾನು ಹೆಮ್ಮೆಯಿಂದ ನನ್ನ ದಿನಚರಿಯ ಹಾಳೆ ತೋರಿಸಿದೆ: ಇಂಥ ದಿನ ಇಷ್ಟು ಕಿಲೋಮೀಟರ್. ಅವರು ಅದನ್ನು ಓದಿ ಮೇಜಿನ ಮೇಲಿಟ್ಟರು. "ಹಗಲು ಎಷ್ಟು ತುಳೀತೀರಿ ಅನ್ನೋದು ಇರಲಿ. ರಾತ್ರಿ ಎಲ್ಲಿ ಮಲಗ್ತೀರಿ?"

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ತಂಗಬೇಕು. ತಂಗ್ಲಂಗ್‌ಲಾದ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಸಮಯ ಕೇಳುತ್ತದೆ. ಕೊಡದಿದ್ದರೆ ತಲೆನೋವು, ವಾಕರಿಕೆ, ನಿದ್ದೆಗೇಡು. ಅದನ್ನೂ ಲೆಕ್ಕಿಸದೆ ಏರಿದರೆ ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ನೀರು. ಔಷಧಿ ಬರೆದುಕೊಟ್ಟು ಹೇಳಿದರು: "ಇದು ಸಹಾಯಕ್ಕೆ ಅಷ್ಟೇ. ತಲೆನೋವು ಹೆಚ್ಚಾಗ್ತಾ ಹೋದ್ರೆ ಇರೋದೊಂದೇ ಮದ್ದು, ಕೆಳಗಿಳಿಯೋದು."

ಮನೆಗೆ ಬಂದು ಇಡೀ ಹಾಳೆಯನ್ನು ಎತ್ತರದ ಲೆಕ್ಕದಲ್ಲಿ ಬರೆದೆ. ಆಗ ಒಂದು ಅಪಾಯ ಕಣ್ಣಿಗೆ ಬಿತ್ತು. ಜಿಸ್ಪಾದಿಂದ ಝಿಂಗ್‌ಝಿಂಗ್‌ಬಾರ್‌ಗೆ ಒಂದೇ ದಿನ ಎಂದು ಬರೆದಿದ್ದೆ. ದೂರ ಹೆಚ್ಚಿಲ್ಲ, ಆದರೆ ಮಲಗುವ ಎತ್ತರ 3,200ರಿಂದ 4,270 ಮೀಟರಿಗೆ ನೆಗೆಯುತ್ತಿತ್ತು. ಜಿಸ್ಪಾದಲ್ಲಿ ಎರಡು ರಾತ್ರಿ, ನಡುವೆ ಪಟ್ಸೆಯೊದಲ್ಲಿ ಇನ್ನೊಂದು ರಾತ್ರಿ ಸೇರಿಸಿದೆ. ಹನ್ನೆರಡು ದಿನಕ್ಕೆ ಲೇಹ್ ಎಂದಿದ್ದದ್ದು ಹದಿನಾರಕ್ಕೆ ಹೋಯಿತು.

ನಾಲ್ಕನೆಯದನ್ನು ಕೇಳಿದವರು ನಮ್ಮವರು. ಏಳು ತಿಂಗಳು ಆ ವಿಷಯಕ್ಕೆ ಅವರು ಬಾಯಿ ಹಾಕಿರಲಿಲ್ಲ. ಬೆಳಿಗ್ಗೆ ನಾನು ಹೊರಡುವ ಮೊದಲು ಟಯರಿಗೆ ಗಾಳಿ ಇದೆಯೇ ಎಂದು ಒತ್ತಿ ನೋಡುತ್ತಿದ್ದರು, ಅಷ್ಟೇ. ಜೂನಿನ ಒಂದು ರಾತ್ರಿ ಜಗಲಿಯ ಮೇಲೆ ಕೂತಿದ್ದಾಗ ಕೇಳಿದರು: "ಸಾಕು ಅನಿಸಿದ್ರೆ ಎಲ್ಲಿಂದ ವಾಪಸ್ ಬರ್ತೀಯ?"

ಒಂದು ಕ್ಷಣ ಕೋಪ ಬಂತು, ನನ್ನನ್ನು ನಂಬಿಲ್ಲವೆಂದು. ಆಮೇಲೆ ಅವರ ಮುಖ ನೋಡಿದೆ. ಹೋಗಬೇಡ ಎನ್ನುವ ಮಾತಾಗಿರಲಿಲ್ಲ ಅದು. ಬರುವ ದಾರಿಯೂ ನನ್ನ ಕೈಯಲ್ಲಿ ಇರಲಿ ಎಂಬ ಕಾಳಜಿ. ಇಬ್ಬರೂ ಭೂಪಟ ಹರವಿಕೊಂಡು ಕೂತೆವು. ವಾಹನ ಹಿಡಿದು ಹಿಂದಕ್ಕೋ ಮುಂದಕ್ಕೋ ಹೋಗಬಹುದಾದ ಜಾಗಗಳಿಗೆ ಕೆಂಪು ಚುಕ್ಕಿ ಇಟ್ಟೆವು: ಕೇಲಾಂಗ್, ಸರ್ಚು, ಪಾಂಗ್, ಉಪ್ಶಿ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ಮು ಆಗ ಜಮ್ಮು–ಕಾಶ್ಮೀರದಲ್ಲಿ ನಡೆಯುತ್ತಿರಲಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿದೆವು. ದಾರ್ಚಾ ದಾಟಿದ ಮೇಲೆ ಉಪ್ಶಿ ಕಡೆ ಇಳಿಯುವವರೆಗೆ ಫೋನು ಸಿಗುವ ಭರವಸೆ ಇರಲಿಲ್ಲ. "ಒಂಬತ್ತು ದಿನ ಫೋನ್ ಬರದಿದ್ರೆ ಗಾಬರಿಯಾಗಲ್ಲ. ಹತ್ತನೇ ದಿನದಿಂದ ಕಾಯ್ತೀನಿ" ಅಂದರು. ಹಿಂದಿರುಗಬಹುದು ಎಂದು ಗೊತ್ತಾದ ಮೇಲೆ ಮುಂದೆ ಹೋಗುವ ಧೈರ್ಯ ನನ್ನಲ್ಲಿ ಮೊದಲಿಗಿಂತ ಗಟ್ಟಿಯಾಯಿತು.

ಅತ್ತೆಯ ಪ್ರಶ್ನೆಗೆ ಉತ್ತರ ಅಷ್ಟರಲ್ಲಿ ಸಿಕ್ಕಿತ್ತು: ಸೌದೆ ಸಿಗುವುದಿಲ್ಲ. ಮಳೆಮೋಡಗಳನ್ನು ಹಿಮಾಲಯ ಈಚೆಗೇ ತಡೆಯುವುದರಿಂದ ದಾರ್ಚಾದ ಆಚೆಗೆ ಬಹುದೂರ ಮರವೆಂಬುದೇ ಇಲ್ಲ. ಇನ್ನೊಂದು ವಿಷಯವೂ ತಿಳಿದಿತ್ತು. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. 4,500 ಮೀಟರಿನಲ್ಲಿ ಸುಮಾರು 85 ಡಿಗ್ರಿಗೇ. ನೀರು ಕೊತಕೊತ ಕುದಿಯುತ್ತಿದ್ದರೂ ಬೇಳೆ ಬೇಯುವುದಿಲ್ಲ. ಅತ್ತೆಗೆ ಇದನ್ನೆಲ್ಲ ಹೇಳಿದಾಗ ಅವರು ಯೋಚಿಸಲೇ ಇಲ್ಲ. "ಹಂಗಾದ್ರೆ ಇಲ್ಲೇ ಬೇಯಿಸಿಕೊಂಡು ಹೋಗು. ಹುರಿಹಿಟ್ಟು ಮಾಡ್ತೀನಿ."

ರಾಗಿಯನ್ನು ತೊಳೆದು, ನೀರು ಬಸಿದು, ಮಜ್ಜಿಗೆ ಚಿಮುಕಿಸಿ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟರು. ಬೆಳಿಗ್ಗೆ ಬಾಣಲೆಯಲ್ಲಿ ಮರಳು ಕಾಯಿಸಿ ಹಿಡಿ ಹಿಡಿಯಾಗಿ ರಾಗಿ ಹಾಕಿ ಹುರಿದರು. ಕೆಂಪು ಕಾಳು ಚಟಪಟ ಎಂದು ಬಿರಿದು ಬಿಳಿ ಅರಳಾಗುತ್ತಿತ್ತು. ಮರಳು ಜರಡಿ ಹಿಡಿದು, ಮಿಲ್ಲಿಗೆ ಕೊಟ್ಟರೆ ಹಿಟ್ಟು ಕಾದು ಘಮ ಹೋಗುತ್ತದೆಂದು ಬೀಸುಕಲ್ಲಿಗೇ ಕೂತರು. ಆ ಮಧ್ಯಾಹ್ನ ಇಬ್ಬರೂ ಕಲ್ಲಿನ ಗೂಟ ಹಿಡಿದು ಎದುರುಬದುರು ಕೂತು ಬೀಸಿದೆವು. ಎರಡು ಕೆ.ಜಿ. ಹಿಟ್ಟು, ಬೆಲ್ಲದ ಪುಡಿ, ಏಲಕ್ಕಿ. ಸ್ಟವ್ವು, ಪಾತ್ರೆ, ಸೀಮೆಎಣ್ಣೆ ಕ್ಯಾನು ಪಟ್ಟಿಯಿಂದ ಹೋದವು. 22 ಕೆ.ಜಿ. ಇದ್ದ ಸಾಮಾನು 14ಕ್ಕೆ ಇಳಿಯಿತು, ಫ್ರೀವೀಲು ಬಿಚ್ಚಲು ಬೇಕಾದ ಭಾರದ ಸ್ಪ್ಯಾನರ್ ಸೇರಿಸಿಕೊಂಡೂ.

ಸೈಕಲ್ಲಿಗೆ ಗೋಣಿತಾಟು ಸುತ್ತಿ, ದಬ್ಬಳದಲ್ಲಿ ಹೊಲಿದು, ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ದೆಹಲಿಗೆ ಒಯ್ದೆ. ಅಲ್ಲಿಂದ ಮನಾಲಿಗೆ ಬಸ್ಸು. ಮುಂದಿನ ದಿನಗಳ ಕಥೆ ಬೇರೆಯೇ ಬರೆಯಬೇಕು. ಇಲ್ಲಿಗೆ ಸಲ್ಲುವ ಎರಡು ಗಳಿಗೆಗಳನ್ನಷ್ಟೇ ಹೇಳುತ್ತೇನೆ.

ಪಾಂಗ್ ಬಿಟ್ಟು ಮೋರೆ ಬಯಲಿನ ಕಡೆ ಏರುವಾಗ ಆ ಹಳೆಯ 'ಠಣ್' ಮತ್ತೆ ಕೇಳಿಸಿತು. ಸುತ್ತ ಮಣ್ಣಿನ ಬೆಟ್ಟ, ಗಾಳಿ, ದೂರದಲ್ಲಿ ಸೇನೆಯ ಲಾರಿಗಳ ಸಾಲು. ಸೈಕಲ್ ಮಗುಚಿದೆ. ಸ್ಪ್ಯಾನರಿನ ಮೇಲೆ ಮೈಭಾರವೆಲ್ಲ ಬಿಟ್ಟು ಫ್ರೀವೀಲು ಬಿಚ್ಚಿದೆ, ಕಡ್ಡಿ ಪೋಣಿಸಿದೆ, ಜೇಬಿನಿಂದ ಸೀಮೆಸುಣ್ಣ ತೆಗೆದೆ. ಕಾಲು ಸುತ್ತು, ಮತ್ತೆ ಕಾಲು ಸುತ್ತು. ಒಂದೂವರೆ ಗಂಟೆಯ ನಂತರ ಉಗುರಿನಿಂದ ಮೀಟಿದಾಗ ಹದಿನೆಂಟೂ ಒಂದೇ ಸ್ವರ ನುಡಿದವು.

ಎರಡು ದಿನದ ಮೇಲೆ ತಂಗ್ಲಂಗ್‌ಲಾ ದಾಟಿ ಇಳಿದರೆ ಮೊದಲು ಸಿಗುವ ಹಳ್ಳಿ ರುಮ್‌ತ್ಸೆ. ಬಾರ್ಲಿಯ ಹಸಿರು ಹೊಲ ಕಂಡು ಕಣ್ಣು ತುಂಬಿಬಂತು. ಒಬ್ಬ ಅಜ್ಜಿ ಒಳಗೆ ಕರೆದು ಉಪ್ಪು ಚಹಾ ಕೊಟ್ಟು, ಬಟ್ಟಲಿಗೆ ಹುರಿದ ಬಾರ್ಲಿಯ ಹಿಟ್ಟು ಹಾಕಿದರು. ಅಲ್ಲಿನವರ ನಿತ್ಯದ ಆಹಾರವಾದ ತ್ಸಂಪಾ. ನಾನು ನನ್ನ ಡಬ್ಬಿ ತೆರೆದು ಉಳಿದಿದ್ದ ಒಂದು ಹಿಡಿ ಹುರಿಹಿಟ್ಟನ್ನು ಅವರ ಅಂಗೈಗೆ ಸುರಿದೆ. ಅಜ್ಜಿ ಮೂಸಿ ನೋಡಿದರು, ನಾಲಿಗೆಗೆ ಇಟ್ಟುಕೊಂಡರು, ನನ್ನ ಮುಖ ನೋಡಿ ನಕ್ಕರು. ಮಾತು ಬೇಕಾಗಲಿಲ್ಲ.

ಶ್ರೀನಗರ ಮುಗಿಸಿ ಊರಿಗೆ ಬಂದ ಮಾರನೆಯ ದಿನ ಮೇಸ್ತ್ರಿ ಹಿಂದಿನ ಚಕ್ರ ತಿರುಗಿಸಿ ನೋಡಿದರು. "ಎಷ್ಟು ಮುರಿದ್ವು?" "ಒಂದು." ಹೊಸ ಕಡ್ಡಿಯನ್ನು ಹುಡುಕಿ ಮೀಟಿದರು, ಕಿವಿಗೊಟ್ಟರು, ತಲೆಯಾಡಿಸಿದರು. ಆಮೇಲೆ ಪಕ್ಕದಲ್ಲಿ ರಿಪೇರಿಗೆಂದು ಬಿದ್ದಿದ್ದ ಒಂದು ಚಕ್ರವನ್ನೂ ಸೀಮೆಸುಣ್ಣವನ್ನೂ ನನ್ನ ಕಡೆ ತಳ್ಳಿದರು.

ಈಗ ಹುಡುಗ ಹುಡುಗಿಯರು ದೂರದ ದಾರಿಗೆ ಹೊರಡುವ ಮೊದಲು ನನ್ನ ಹತ್ತಿರ ಬಂದು ಪಟ್ಟಿ ಕೇಳುತ್ತಾರೆ. ಪಟ್ಟಿ ಕೊಡುತ್ತೇನೆ. ಅದಕ್ಕೂ ಮೊದಲು ಆ ನಾಲ್ಕು ಪ್ರಶ್ನೆಗಳನ್ನು ಕೇಳುತ್ತೇನೆ.

ಅಜ್ಜಿ ಕಟ್ಟಿಕೊಟ್ಟಿದ್ದ ಬಾರ್ಲಿ ಹಿಟ್ಟಿನ ಪೊಟ್ಟಣವನ್ನು ಅತ್ತೆಯ ಕೈಗಿಟ್ಟಾಗ ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸವಿದರು. "ನಮ್ಮದಕ್ಕಿಂತ ಒಂದು ಸುತ್ತು ಹೆಚ್ಚು ಹುರಿದವ್ರೆ" ಅಂದರು. ಆಮೇಲೆ ಕೇಳಿದರು: "ಸೌದೆ ಇಲ್ಲ ಅಂದೆ, ಮತ್ತೆ ಹುರಿದದ್ದು ಯಾತರಲ್ಲಿ?"

"ಬೆರಣಿಯಲ್ಲಿ ಅತ್ತೆ. ಮಾಳಿಗೆ ತುಂಬ ಒಟ್ಟಿದ್ರು."

"ಸರಿ ಮತ್ತೆ" ಎಂದು ಅತ್ತೆ ಪೊಟ್ಟಣ ಮಡಿಚಿ, ನಮ್ಮ ಹುರಿಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇಟ್ಟರು.